ಝೀನಳ ಕಂಠ: ಕುರ್ದಿಷ್ ಗೇಯನಾಟಕವೂ ಸ್ತ್ರೀಸ್ವಾತಂತ್ರ್ಯವೂ

ಕಾವ್ಯದಲ್ಲಿ ಹೆಣ್ಣು ಅಳುವುದನ್ನು ಕೇಳಿ ಸುಖಪಡುವ ಅಭ್ಯಾಸವು ನಮಗೆ ಬಹುಕಾಲದಿಂದ ಬಂದಿರುವುದು. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ಕರುಣವು ರಸವಾಗುವ ಬಗೆಯೇ ಅಂಥದು. ಲೋಕದಲ್ಲಿ ದುಃಖವೆನಿಸಿದ್ದು ಕಾವ್ಯದಲ್ಲಿ ಆಸ್ವಾದ್ಯವಾಗುವುದೆಂದು ನಮ್ಮ ಆಲಂಕಾರಿಕರು ಒಪ್ಪಿ, ಅದಕ್ಕೆ ಕಾರಣಗಳನ್ನೂ ವಿಚಾರಿಸಿ ಹೇಳಿರುವರು. ಆದರೆ ಪಾಠಶಾಲೆಯಲ್ಲಿ ರತಿವಿಲಾಪವನ್ನು ಕಂಠಪಾಠ ಮಾಡಿ, ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕು ಮಕ್ಕಳಿಗೆ ದ್ರೌಪದಿಯ ಮೊರೆಯನ್ನೂ ಸೀತೆಯ ಶೋಕವನ್ನೂ ಪಾಠ ಹೇಳಿದ ನನಗೆ ಒಂದು ಪ್ರಶ್ನೆಯು ಬಹು ತಡವಾಗಿ ಹೊಳೆಯಿತು. ಈ ವಿಲಾಪಗಳನ್ನು ಬರೆದವನು ಗಂಡಸು. ಸಭೆಯಲ್ಲಿ ಓದಿದವನು ಗಂಡಸು. ಅರ್ಥ ಹೇಳಿ ತಲೆದೂಗಿದವನೂ ಗಂಡಸು. ಹಾಗಾದರೆ ಅತ್ತವಳ ಕಂಠವೆಲ್ಲಿ?

ಈ ಪ್ರಶ್ನೆ ಹೊಳೆದದ್ದು ನಮ್ಮ ಕಾವ್ಯಗಳನ್ನು ಓದುತ್ತಿದ್ದಾಗಲ್ಲ. ಕಳೆದ ದಸರೆಯ ರಜೆಯಲ್ಲಿ ಮನೆಗೆ ಬಂದ ನನ್ನ ಮಗಳು ತನ್ನ ಮೊಬೈಲ್ ಫೋನಿನಲ್ಲಿ ಒಂದು ಹಾಡನ್ನು ಕೇಳಿಸಿದಳು. ಹಾಡಿದಾಕೆ ಪರ್ವಿನ್ ಚಾಕರ್ ಎಂಬ ಕುರ್ದಿಷ್ ಗಾಯಕಿ. ತುರ್ಕಿಯ ಮಾರ್ದಿನ್ ಪ್ರಾಂತದ ದೆರಿಕ್ ಎಂಬ ಊರಿನಲ್ಲಿ 1981ರಲ್ಲಿ ಹುಟ್ಟಿ, ಐರೋಪ್ಯರ ಆಪೆರಾ ಗಾಯನದಲ್ಲಿ ಶಿಕ್ಷಣ ಹೊಂದಿ, ಆ ಶಿಕ್ಷಿತ ಕಂಠದಿಂದಲೇ ತನ್ನ ಮಾತೃಭಾಷೆಯ ಜನಪದ ಗೀತಗಳನ್ನು ಹಾಡುತ್ತಿರುವವಳು. 2022ರಲ್ಲಿ ತನ್ನ ಹುಟ್ಟೂರಿನ ಪ್ರಾಂತದ ವಿಶ್ವವಿದ್ಯಾಲಯದಲ್ಲಿ ಈಕೆಯ ಕಚೇರಿಯು ಏರ್ಪಟ್ಟಿದ್ದು ಅನಂತರ ರದ್ದಾಯಿತು. ಕಾರ್ಯಕ್ರಮದಲ್ಲಿ ಒಂದು ಕುರ್ದಿಷ್ ಹಾಡು ಸೇರಿದ್ದುದೇ ಕಾರಣವೆಂದು ಆಕೆಯು ಹೇಳಿದಳು. ಒಂದು ಹಾಡಿಗೆ ಇಷ್ಟು ಭಯವೇ ಎಂದು ನನಗೆ ಆಶ್ಚರ್ಯವಾಯಿತು. ಆ ಆಶ್ಚರ್ಯದಿಂದ ಮೊದಲುಗೊಂಡ ವ್ಯಾಸಂಗದ ಫಲವು ಈ ಲೇಖನ. ಕುರ್ದಿಷ್ ನುಡಿಯಲ್ಲಿ ಸ್ತ್ರೀಸ್ವಾತಂತ್ರ್ಯವನ್ನು ವಸ್ತುವಾಗಿಟ್ಟುಕೊಂಡು ಗೇಯನಾಟಕವನ್ನು ಕಟ್ಟುವುದೆಂದರೇನು, ಅದರಿಂದ ಕಾವ್ಯಕ್ಕೆ ದೊರಕುವುದೇನು, ಅದರಲ್ಲಿರುವ ಅಪಾಯವೇನು ಎಂಬುದನ್ನು ಆ ಜನರ ಮುಖ್ಯ ಕಾವ್ಯವಾದ ‘ಮೆಮ್ ಮತ್ತು ಝೀನ್’ ಎಂಬುದನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಇಲ್ಲಿನ ಉದ್ದೇಶ.

ಕುರ್ದರು ತುರ್ಕಿ, ಇರಾನ್, ಇರಾಕ್, ಸಿರಿಯಾ ಎಂಬ ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿರುವ ಜನಾಂಗ. ಅವರ ಭಾಷೆಯು ಇರಾನೀ ವರ್ಗಕ್ಕೆ ಸೇರಿದ್ದು. ಎಂದರೆ ಸಂಸ್ಕೃತಕ್ಕೆ ದೂರದ ದಾಯಾದಿ. ತುರ್ಕಿಯಲ್ಲಿ 1983ರಲ್ಲಿ ಬಂದ 2932ನೆಯ ಕಾನೂನು ಆ ಭಾಷೆಯ ಹೆಸರನ್ನೇ ಎತ್ತದೆ ಅದರಲ್ಲಿ ಅಚ್ಚು ಹಾಕುವುದನ್ನೂ ಪ್ರಸಾರ ಮಾಡುವುದನ್ನೂ ನಿಷೇಧಿಸಿತು. 1991ರವರೆಗೂ ಆ ಕಾನೂನು ಜಾರಿಯಲ್ಲಿದ್ದಿತು. ಅದಕ್ಕೆ ಮೊದಲೂ ಅನೇಕ ದಶಕಗಳ ಕಾಲ ಆ ನುಡಿಗೆ ಶಾಲೆಯಿಲ್ಲ, ಕಚೇರಿಯಿಲ್ಲ. ಅಂಥ ಕಾಲದಲ್ಲಿ ಗಡಿಯಾಚೆಯ ಆರ್ಮೀನಿಯಾದ ಯೆರೆವಾನ್ ಆಕಾಶವಾಣಿಯು 1955ರಿಂದ ಕುರ್ದಿಷ್ ಹಾಡುಗಳನ್ನು ಬಿತ್ತರಿಸುತ್ತಿದ್ದುದನ್ನು ತುರ್ಕಿಯ ಹಳ್ಳಿಗಳಲ್ಲಿ ಜನರು ಮೆಲ್ಲನೆ ಹಚ್ಚಿಕೊಂಡು ಕೇಳುತ್ತಿದ್ದರು. ಪುಸ್ತಕವಿಲ್ಲದ ಭಾಷೆಯು ಬದುಕುವುದು ಕಂಠದಲ್ಲಿ. ಆದುದರಿಂದ ಆ ಜನರಿಗೆ ಹಾಡೆಂಬುದು ಬರಿಯ ವಿನೋದವಲ್ಲ. ಅದೇ ಅವರ ಭಂಡಾರ, ಅದೇ ಅವರ ಇತಿಹಾಸ.

ಈ ಭಂಡಾರವನ್ನು ಕಾಯ್ದುಕೊಂಡು ಬಂದವರನ್ನು ‘ದೆಂಗ್‌ಬೇಜ್’ ಎನ್ನುವರು. ‘ದೆಂಗ್’ ಎಂದರೆ ಧ್ವನಿ, ‘ಬೇಜ್’ ಎಂದರೆ ಹೇಳುವವನು. ಅನೇಕ ವೇಳೆ ವಾದ್ಯದ ಸಹಾಯವೂ ಇಲ್ಲದೆ, ಒಂದೇ ಕಂಠದಿಂದ ಯುದ್ಧವನ್ನೂ ಪ್ರೇಮವನ್ನೂ ಮರಣವನ್ನೂ ಗಂಟೆಗಟ್ಟಲೆ ಹಾಡುವ ಕಲೆ ಅದು. ನಮ್ಮ ಓದುಗರಿಗೆ ಇದರ ಕಲ್ಪನೆ ಬರಬೇಕಾದರೆ ನಮ್ಮ ಗಮಕಿಗಳನ್ನು ನೆನೆಯಬೇಕು. ಗಮಕಿಯು ಕುಮಾರವ್ಯಾಸನನ್ನು ಓದುವಾಗ ದುಶ್ಶಾಸನನ ಗರ್ಜನೆಯೂ ದ್ರೌಪದಿಯ ಮೊರೆಯೂ ಒಂದೇ ಗಂಟಲಿನಿಂದ ಹೊರಡುವುವಲ್ಲವೆ? ದೆಂಗ್‌ಬೇಜ್ ಹಾಡುಗಳಲ್ಲಿಯೂ ಹಾಗೆಯೇ. ಅವುಗಳಲ್ಲಿ ಬಹುಭಾಗ ಹೆಣ್ಣಿನ ಬಾಯಿಂದ ಬರುವ ಮಾತು: ಸತ್ತ ಗಂಡನನ್ನು, ಕಾಳಗಕ್ಕೆ ಹೋದ ಅಣ್ಣನನ್ನು, ಕೈಗೂಡದ ಪ್ರಿಯನನ್ನು ಕುರಿತು ಹೆಣ್ಣು ಹೇಳಿಕೊಂಡ ಅಳಲು. ಮನೆಯೊಳಗೆ, ಹೆಣದ ಬಳಿಯಲ್ಲಿ, ಹೆಂಗಸರು ಕಟ್ಟಿದ ಹಾಡುಗಳು ಸಭೆಗೆ ಬರುವಾಗ ಬಹುಮಟ್ಟಿಗೆ ಗಂಡಸರ ಬಾಯಿಂದ ಬಂದುವು. ಮಾತು ಅವಳದು, ಮನ್ನಣೆ ಅವನದು. ದಿಯಾರ್‌ಬಕಿರ್ ನಗರದಲ್ಲಿ 2007ರಲ್ಲಿ ಈ ಗಾಯಕರಿಗಾಗಿಯೇ ಒಂದು ಮನೆಯನ್ನು ತೆರೆದು ಈ ಕಲೆಗೆ ಗೌರವ ಸಲ್ಲಿಸಿದರು. ಆದರೆ ಅಂಥ ಸಭೆಯಲ್ಲಿ ಹೆಣ್ಣು ಬಂದು ಕುಳಿತು ಹಾಡುವುದಕ್ಕೆ ತಲೆಮಾರುಗಳ ಸಂಕೋಚವನ್ನು ದಾಟಿ ಬರಬೇಕಾಗಿದ್ದಿತು.

ಇನ್ನು ಕಾವ್ಯದ ವಿಚಾರ. ‘ಮೆಮ್ ಮತ್ತು ಝೀನ್’ ಎಂಬುದನ್ನು 1692ರ ಸುಮಾರಿಗೆ ರಚಿಸಿದವನು ಅಹ್ಮದ್ ಖಾನಿ. 2,600ಕ್ಕೂ ಮಿಕ್ಕ ದ್ವಿಪದಿಗಳುಳ್ಳ ಕಥನಕಾವ್ಯ. ಕವಿಯು ಬಾಯಜೀದ್ ಎಂಬ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯ. ಈ ಕಾವ್ಯಕ್ಕೆ ಮೊದಲೇ, 1683ರಲ್ಲಿ, ಚಿಕ್ಕ ಮಕ್ಕಳು ಬಾಯಿಪಾಠ ಮಾಡಲೆಂದು ಅರಬೀ ಪದಗಳಿಗೆ ಕುರ್ದಿಷ್ ಅರ್ಥವನ್ನು ಪದ್ಯರೂಪದಲ್ಲಿ ಕಟ್ಟಿಕೊಟ್ಟನು. ಬಾಲ್ಯದಲ್ಲಿ ಅಮರಕೋಶವನ್ನು ಉರುಹೊಡೆದ ನನ್ನಂಥವರಿಗೆ ಈ ಒಂದು ಸಂಗತಿಯಿಂದಲೇ ಕವಿಯು ಹತ್ತಿರದವನಾಗುತ್ತಾನೆ. ಕುರ್ದರಿಗೆ ವಿದ್ಯೆಯಿಲ್ಲ, ಅವರ ನುಡಿಗೆ ಗ್ರಂಥವಿಲ್ಲ ಎಂದು ಪರರು ಆಡಿಕೊಳ್ಳಬಾರದೆಂದೇ, ಪಾರಸಿಯಲ್ಲಿ ಬರೆಯಬಲ್ಲವನಾಗಿದ್ದೂ ಕುರ್ದಿಷಿನಲ್ಲಿ ಬರೆದೆನೆಂಬ ಭಾವವನ್ನು ಕಾವ್ಯದ ಪೀಠಿಕೆಯಲ್ಲಿ ಅವನು ವ್ಯಕ್ತಪಡಿಸಿರುವನು. ಇದಕ್ಕೂ ಹಿಂದಿನಿಂದ ದೆಂಗ್‌ಬೇಜರು ಹಾಡಿಕೊಂಡು ಬಂದ ‘ಮೆಮೆ ಆಲಾನ್’ ಎಂಬ ಜನಪದ ಕಥೆಯೇ ಖಾನಿಗೆ ಆಕರ. ಫ್ರೆಂಚ್ ವಿದ್ವಾಂಸನಾದ ರೋಜೆ ಲೆಸ್ಕೊ ಎಂಬವನು ಆ ಜನಪದ ಪಾಠವನ್ನು 1942ರಲ್ಲಿ ಪ್ರಕಟಿಸಿದನು.

ಕಥೆಯ ಸಾರವಿಷ್ಟು. ಬೋತಾನ್ ಸೀಮೆಯ ಜಿಝ್ರೆ ಪಟ್ಟಣದ ಅರಸು ಝೈನುದ್ದೀನ್. ಅವನಿಗೆ ಸಿತಿ, ಝೀನ್ ಎಂದು ಇಬ್ಬರು ತಂಗಿಯರು. ಹೊಸ ವರ್ಷದ ನವ್‌ರೋಜ್ ಹಬ್ಬದ ದಿನ ಊರೆಲ್ಲ ಬಯಲಿಗೆ ಹೊರಟಾಗ ಈ ಅಕ್ಕತಂಗಿಯರು ಗಂಡುಡುಗೆ ತೊಟ್ಟು ಹೊರಟರು. ತಾಜದೀನ್, ಮೆಮ್ ಎಂಬ ಗೆಳೆಯರಿಬ್ಬರು ಹೆಣ್ಣುಡುಗೆ ತೊಟ್ಟು ಬಂದರು. ಪರಸ್ಪರ ದರ್ಶನದಿಂದ ಮೂರ್ಛೆ. ಎಚ್ಚರವಾದಾಗ ಬೆರಳಲ್ಲಿ ಬದಲಾದ ಉಂಗುರ. ಮುಂದೆ ಸಿತಿಗೆ ತಾಜದೀನನೊಡನೆ ವಿವಾಹವಾಯಿತು. ಮೆಮ್–ಝೀನರಿಗೂ ಹಾಗೆಯೇ ಆಗಬೇಕಾಗಿದ್ದಿತು. ಆದರೆ ಅರಮನೆಯ ದ್ವಾರಪಾಲಕನಾದ ಬೆಕೊ ಎಂಬ ಚಾಡಿಕೋರನು, “ತಾಜದೀನನು ತಮ್ಮನ್ನು ಕೇಳದೆಯೇ ಝೀನಳನ್ನು ಮೆಮ್‌ಗೆ ಕೊಟ್ಟುಬಿಟ್ಟಿರುವನು” ಎಂದು ಅರಸನ ಕಿವಿಯಲ್ಲಿ ಊದಿದನು. ಅರಸನು ಕೆರಳಿ, ತಂಗಿಯನ್ನು ಅವನಿಗೆ ಕೊಡೆನೆಂದು ಆಣೆಯಿಟ್ಟನು. ಬೇಟೆಯ ದಿನ ಪ್ರೇಮಿಗಳಿಬ್ಬರು ತೋಟದಲ್ಲಿ ಕೂಡಿದ್ದಾಗ ಅರಸನು ಹಠಾತ್ತಾಗಿ ಹಿಂದಿರುಗಲು, ಮೆಮ್ ಅವಳನ್ನು ತನ್ನ ನಿಲುವಂಗಿಯಡಿ ಅಡಗಿಸಿದನು. ಗೆಳೆಯನನ್ನು ಉಳಿಸಲು ತಾಜದೀನನು ತನ್ನ ಮನೆಗೇ ಬೆಂಕಿಯಿಟ್ಟು ಅರಸನ ಗಮನವನ್ನು ಅತ್ತ ಸೆಳೆದನು. ಕೊನೆಗೆ ಚದುರಂಗದ ಆಟದಲ್ಲಿ ಮೆಮ್ ಸೋತು, ಪ್ರಿಯೆಯಾರೆಂಬುದನ್ನು ಬಾಯಿಬಿಟ್ಟು, ಸೆರೆಮನೆಗೆ ಬಿದ್ದು ಅಲ್ಲಿಯೇ ಪ್ರಾಣಬಿಟ್ಟನು. ತಾಜದೀನನು ಬೆಕೊನನ್ನು ಕೊಂದನು. ಝೀನಳು ಪ್ರಿಯನ ಸಮಾಧಿಯ ಮೇಲೆ ಬಿದ್ದು ಸತ್ತಳು.

ಈ ಕಥೆಯಲ್ಲಿ ಝೀನಳ ಸ್ಥಾನವನ್ನು ಪರೀಕ್ಷಿಸೋಣ. ಅವಳ ವಿವಾಹವನ್ನು ಕುರಿತು ಅಣ್ಣನು ಮಾತಾಡುವನು, ದ್ವಾರಪಾಲಕನು ಮಾತಾಡುವನು, ಭಾವನು ಮಾತಾಡುವನು. ಅರಸನು ಆಣೆಯಿಡುವಾಗ ಅವಳೇನು ಬಯಸುವಳೆಂದು ಒಬ್ಬನಾದರೂ ಕೇಳುವುದಿಲ್ಲ. ತಂಗಿಯು ಇಲ್ಲಿ ಅಣ್ಣನ ಮಾನದ ಒಂದು ಅಂಗ. ಆಣೆಯ ಒಂದು ವಿಷಯ. ಅವಳಿಗೆ ದೊರಕಿರುವುದು ವಿಲಾಪ: ದೀಪದ ಮುಂದೆ, ಪತಂಗದ ಮುಂದೆ, ಏಕಾಂತದಲ್ಲಿ. ಆ ವಿಲಾಪಗಳಲ್ಲಿ ಕವಿಯ ಶಕ್ತಿಯು ಮೇರೆವರಿದು ಹರಿಯುತ್ತದೆಂಬುದು ನಿಜ. ವಿಪ್ರಲಂಭವನ್ನು ಬಲ್ಲ ಯಾವ ಸಹೃದಯನಾದರೂ ಒಪ್ಪುವನು. ಆದರೆ ಮೊರೆಯು ಬೇರೆ, ಪ್ರಶ್ನೆಯು ಬೇರೆ. ದ್ರೌಪದಿಯ ಪ್ರಸಂಗದಲ್ಲಿ ನಾವು ನೆನೆಯುವುದು ಅವಳ ಮೊರೆಯನ್ನು. ಆದರೆ ತನ್ನನ್ನು ತಾನು ಸೋತವನಿಗೆ ತನ್ನನ್ನು ಒಡ್ಡುವ ಅಧಿಕಾರವಿತ್ತೇ ಎಂಬ ಅವಳ ಪ್ರಶ್ನೆಗೆ ಭೀಷ್ಮನೂ ಉತ್ತರ ಹೇಳಲಾರದೆ ಹೋದನು. ಮೊರೆಯನ್ನು ಕೇಳಿದ ಸಭೆಯು ಮರುಗಬಹುದು. ಪ್ರಶ್ನೆಯನ್ನು ಕೇಳಿದ ಸಭೆಯು ತಲೆತಗ್ಗಿಸಬೇಕು. ಸ್ತ್ರೀಸ್ವಾತಂತ್ರ್ಯದ ಕಾವ್ಯವನ್ನು ಅಳೆಯುವುದಕ್ಕೆ ನನಗೆ ತೋರುವ ಅಳತೆಗೋಲು ಇದು.

ಖಾನಿಯಲ್ಲಿ ಇನ್ನೊಂದು ದೋಷವನ್ನೂ ಮುಚ್ಚದೆ ಹೇಳಬೇಕು. ಅವನು ಸೂಫೀ ಮಾರ್ಗದವನು. ಈ ಲೌಕಿಕ ಪ್ರೇಮವು ಪರಮಪ್ರೇಮಕ್ಕೆ ಸೋಪಾನವೆಂದೂ, ಮರಣವೇ ನಿಜವಾದ ಮಿಲನವೆಂದೂ ಅವನ ದರ್ಶನ. ಸೆರೆಯಲ್ಲಿದ್ದ ಮೆಮ್ ಕಡೆಯಲ್ಲಿ ಅರಸನ ಬಳಿಗೆ ಹೋಗಲು ಒಪ್ಪದೆ, ತನಗಿನ್ನು ಒಬ್ಬನೇ ಅರಸನೆಂದು ದೇವರನ್ನು ನೆನೆದು ಸಾಯುವ ಭಾಗವು ಭವ್ಯವಾದದ್ದು. ಆದರೆ ಈ ಭವ್ಯತೆಯ ಹೊದಿಕೆಯಡಿಯಲ್ಲಿ ಅರಸನ ಅನ್ಯಾಯವು ಮೆಲ್ಲನೆ ಮರೆಯಾಗಿಬಿಡುವುದು. ಎಲ್ಲವೂ ದೈವಸಂಕಲ್ಪವಾದ ಮೇಲೆ ಅಣ್ಣನ ಆಣೆಗೆ ಹೊಣೆ ಯಾರು? ವೇದಾಂತವನ್ನು ಓದಿದ ನಾನು ಈ ಮಾತನ್ನು ಲಘುವಾಗಿ ಆಡುತ್ತಿಲ್ಲ. ಮನೆಯ ಹೆಣ್ಣುಮಗಳಿಗೆ ಆದ ಅನ್ಯಾಯಕ್ಕೆ ಕರ್ಮವೆಂದು ಹೆಸರಿಟ್ಟು ಕೈತೊಳೆದುಕೊಳ್ಳುವ ವಿದ್ಯೆಯು ನಮ್ಮಲ್ಲಿಯೂ ಇದ್ದದ್ದೇ.

ಹೀಗಿರುವಾಗ ಈ ಬಗೆಯ ವಸ್ತುವನ್ನು ಗೇಯನಾಟಕದ ರಂಗಕ್ಕೆ ತಂದರೆ ಏನು ವ್ಯತ್ಯಾಸವಾಗುವುದು? ಪು.ತಿ.ನ. ಅವರ ‘ಅಹಲ್ಯೆ’, ‘ಗೋಕುಲ ನಿರ್ಗಮನ’ಗಳನ್ನು ಓದಿದವರಿಗೆ ಗೀತವೇ ನಾಟಕವನ್ನು ನಡೆಸುವ ಬಗೆಯು ತಿಳಿದೇ ಇರುವುದು. ಐರೋಪ್ಯರ ಆಪೆರಾ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು. ಅದರಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದು: ಇಲ್ಲಿ ಪ್ರತಿಯೊಂದು ಪಾತ್ರಕ್ಕೂ ಅದರದೇ ಕಂಠ. ದೆಂಗ್‌ಬೇಜನಂತೆ ಒಬ್ಬನೇ ಎಲ್ಲರಿಗಾಗಿ ಹಾಡುವಂತಿಲ್ಲ. ಝೀನಳ ಮಾತನ್ನು ಹಾಡಲು ಒಬ್ಬ ಹೆಣ್ಣುಮಗಳೇ ಎದ್ದು, ಸಾವಿರ ಜನರ ಮುಂದೆ, ಧ್ವನಿವರ್ಧಕವೂ ಇಲ್ಲದೆ, ತುಂಬುಗಂಟಲಿನಿಂದ ಹಾಡಬೇಕು. ಎರಡನೆಯದು: ಕಾವ್ಯದಲ್ಲಿ ಒಬ್ಬರು ಮಾತಾಡುವಾಗ ಮತ್ತೊಬ್ಬರು ಸುಮ್ಮನಿರಲೇಬೇಕು, ಆಪೆರಾದಲ್ಲಿ ಇಬ್ಬರು, ನಾಲ್ವರು, ಒಂದೇ ಕಾಲದಲ್ಲಿ ತಂತಮ್ಮ ಬೇರೆ ಬೇರೆ ಮನಸ್ಸನ್ನು ಹಾಡಬಹುದು, ಕೇಳುವವನಿಗೆ ಎಲ್ಲವೂ ಒಂದರೊಳಗೊಂದು ಹೆಣೆದು ಕೇಳಿಸುವುದು.

ಚದುರಂಗದ ಸನ್ನಿವೇಶವನ್ನು ತೆಗೆದುಕೊಳ್ಳಿರಿ. ಮೊದಲು ಮೆಮ್ ಕಿಟಕಿಗೆ ಬೆನ್ನುಮಾಡಿ ಕುಳಿತು ಗೆಲ್ಲುತ್ತಿದ್ದನು. ಕಿಟಕಿಯಲ್ಲಿ ಝೀನಳನ್ನು ಕಂಡ ಬೆಕೊ ಉಪಾಯದಿಂದ ಆಟಗಾರರ ಸ್ಥಳವನ್ನು ಬದಲಾಯಿಸಿದನು. ಅವಳನ್ನು ಕಂಡೊಡನೆಯೇ ಮೆಮ್ ಮೈಮರೆತು ಸೋತನು. ಕಾವ್ಯದಲ್ಲಿ ಝೀನಳು ಇಲ್ಲಿ ಬರಿಯ ಒಂದು ಮುಖ. ಕಾಣಿಸಿಕೊಂಡದ್ದೇ ಅವಳ ಕಾರ್ಯ, ಕಾಣಿಸಿಕೊಂಡದ್ದೇ ಅನರ್ಥಕ್ಕೆ ಮೂಲ. ಅದೇ ಸನ್ನಿವೇಶವು ಗೇಯನಾಟಕವಾದಲ್ಲಿ ಕೆಳಗೆ ಅರಸನ ಗರ್ವ, ಮೆಮ್‌ನ ತಳಮಳ, ಬೆಕೊನ ಕುಹಕ. ಮೇಲೆ ಕಿಟಕಿಯಲ್ಲಿ ಎಲ್ಲವನ್ನೂ ಕಾಣುತ್ತಿರುವ, ಸ್ಥಳ ಬದಲಾದದ್ದರ ಅರ್ಥವನ್ನು ಎಲ್ಲರಿಗಿಂತ ಮೊದಲು ತಿಳಿದ ಝೀನಳ ಕಂಠ. ಅವಳು ನೋಟಕ್ಕೆ ವಿಷಯವಾಗದೆ ನೋಡುವವಳಾಗುವಳು. ಖಾನಿಯ ಒಂದು ಸಂಗತಿಯನ್ನೂ ಕೆಡಿಸದೆ, ಪ್ರಕಾರದ ಬಲದಿಂದಲೇ ಹೆಣ್ಣಿನ ಸ್ಥಾನವು ಬದಲಾಯಿಸುವುದು. ಈ ಅರ್ಥದಲ್ಲಿ, ಒಳಗಿನ ವಸ್ತುವೇನೇ ಇರಲಿ, ಕುರ್ದಿಷ್ ನುಡಿಯ ಗೇಯನಾಟಕದಲ್ಲಿ ಹೆಣ್ಣೊಬ್ಬಳು ಎದ್ದು ಹಾಡುವುದೇ ಸ್ವಾತಂತ್ರ್ಯದ ಒಂದು ಕಾರ್ಯವೆಂದು ನಾನು ತಿಳಿಯುವೆನು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಆಪೆರಾ ಪರದೇಶದ ವಸ್ತು. ಸ್ತ್ರೀಸ್ವಾತಂತ್ರ್ಯವೂ ಅದರೊಡನೆ ಬಂದ ಪರದೇಶದ ಸರಕು. ದೆಂಗ್‌ಬೇಜನ ಸಹಜ ಕಲೆಯ ಮೇಲೆ ಇದನ್ನು ಹೇರುವುದು ಉಚಿತವಲ್ಲವೆಂದು. ಇದಕ್ಕೆ ಕುರ್ದರ ನೆರೆನಾಡಿನ ಇತಿಹಾಸವೇ ಸಮಾಧಾನ ಹೇಳುವುದು. ಬಾಕು ನಗರದಲ್ಲಿ 1908ರಲ್ಲಿ ಉಝೈರ್ ಹಾಜಿಬೆಯೊವ್ ಎಂಬವನು—ಆತನೂ ಶಾಲೆಯ ಉಪಾಧ್ಯಾಯನಾಗಿದ್ದವನೇ—‘ಲೈಲಿ ಮತ್ತು ಮಜ್ನೂನ್’ ಎಂಬ ಆಪೆರಾವನ್ನು ರಂಗಕ್ಕೆ ತಂದನು. ಐರೋಪ್ಯ ವಾದ್ಯಗೋಷ್ಠಿಯ ನಡುವೆ ತನ್ನ ನಾಡಿನ ‘ಮುಗಾಮ್’ ಎಂಬ ರಾಗಪದ್ಧತಿಯನ್ನು ಗಾಯಕರು ಮನೋಧರ್ಮದಿಂದ ಹಾಡುವಂತೆ ಅವಕಾಶ ಮಾಡಿಕೊಟ್ಟನು. ಪರದೇಶದ ಪಾತ್ರೆಯಲ್ಲಿ ಮನೆಯ ಅಡಿಗೆಯು ಕೆಡಲಿಲ್ಲ. ಆದರೆ ಆ ರಾತ್ರಿ ಲೈಲಿಯ ಪಾತ್ರವನ್ನು ಹಾಡಿದವನು ಒಬ್ಬ ಯುವಕ! ಹೆಣ್ಣು ರಂಗವನ್ನೇರುವುದು ಆಗ ಅಲ್ಲಿ ನಿಷಿದ್ಧವಾಗಿದ್ದಿತು. ನಮ್ಮ ನಾಟಕದ ಕಂಪನಿಗಳಲ್ಲಿ ಮೀಸೆ ಬೋಳಿಸಿಕೊಂಡ ಶಕುಂತಲೆಯರನ್ನು ಕಂಡಿದ್ದ ಹಿರಿಯರ ಮಾತು ಕೇಳಿದ ನಮಗೆ ಇದು ಹೊಸದಲ್ಲ. ನಾಲ್ಕು ವರ್ಷಗಳ ತರುವಾಯ, 1912ರಲ್ಲಿ, ಶೌಕತ್ ಮಮ್ಮದೊವಾ ಎಂಬ ಹುಡುಗಿಯು ಅದೇ ನಗರದಲ್ಲಿ ಸಾರ್ವಜನಿಕ ವೇದಿಕೆಯನ್ನು ಏರಿದಾಗ ಗಲಭೆಯೆದ್ದು ಆಕೆ ಊರು ಬಿಟ್ಟು ಓಡಬೇಕಾಯಿತು. ಮುಂದೆ ಆಕೆಯೇ ಆ ನಾಡಿನ ಹೆಸರಾಂತ ಗಾಯಕಿಯಾದಳು. ಆದುದರಿಂದ ಪ್ರಕಾರವು ಎಲ್ಲಿಂದ ಬಂದಿತೆಂಬ ವಾದವು ಮುಖ್ಯವಲ್ಲ. ಬಂದ ಪ್ರಕಾರದಲ್ಲಿ ಯಾರು ಹಾಡುವರೆಂಬುದು ಮುಖ್ಯ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ಐರೋಪ್ಯರ ಆಪೆರಾವು ಹೆಣ್ಣಿಗೆ ಕಂಠವನ್ನು ಕೊಟ್ಟಿತು, ನಿಜ. ಆದರೆ ಆ ಕಂಠವನ್ನು ಅಂತಿಮಾಂಕದಲ್ಲಿ ಕತ್ತರಿಸದೆ ಬಿಟ್ಟಿತೆ? ವೆರ್ದಿಯ ‘ಲಾ ತ್ರಾವಿಯಾತಾ’ದಲ್ಲಿ (1853) ನಾಯಿಕೆಯು ಕ್ಷಯರೋಗದಿಂದ ಸಾಯುವಳು, ಬಿಜೆಯ ‘ಕಾರ್ಮೆನ್’ನಲ್ಲಿ (1875) ತನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ಒಪ್ಪದವಳು ಹಿಂದಿನ ಪ್ರಿಯನ ಚೂರಿಗೆ ಬಲಿಯಾಗುವಳು, ಪುಚೀನಿಯ ‘ಟೋಸ್ಕಾ’ (1900) ಕೋಟೆಯಿಂದ ಹಾರುವಳು, ಅವನ ‘ಬಟರ್‌ಫ್ಲೈ’ (1904) ತನ್ನನ್ನು ತಾನೇ ಇರಿದುಕೊಳ್ಳುವಳು. ಪ್ರೇಕ್ಷಕರು ಕಣ್ಣೊರಸಿಕೊಂಡು ಕರತಾಡನ ಮಾಡಿ ಮನೆಗೆ ಹೋಗುವರು. ಖಾನಿಯ ಝೀನಳೂ ಸಾಯುವವಳೇ. ಎಂದಮೇಲೆ ಎರಡು ಸಂಪ್ರದಾಯಗಳೂ ಕೂಡಿ ಅವಳನ್ನು ಎರಡು ಸಲ ಕೊಂದಂತಾಗಲಿಲ್ಲವೆ? ಇದಕ್ಕೆ ಹೆದರಿ, ಕಥೆಯನ್ನೇ ತಿರುಗಿಸಿ ಝೀನಳನ್ನು ಬದುಕಿಸಿ, ಅವಳ ಕೈಯಲ್ಲಿ ಧ್ವಜವನ್ನು ಕೊಟ್ಟು, ಬಾಯಲ್ಲಿ ಘೋಷಣೆಯನ್ನಿಟ್ಟರೆ ಕೆಲಸವಾಗುವುದೆಂದು ಕೆಲವರು ತಿಳಿಯಬಹುದು. ಅದು ಕಾವ್ಯದ ಮಾರ್ಗವಲ್ಲ. ಘೋಷಣೆಯು ಬೀದಿಯಲ್ಲಿ ಪ್ರಾಣವನ್ನು ಪಣವಾಗಿಟ್ಟು ಕೂಗಿದಾಗ ಸತ್ಯ. ಅದನ್ನೇ ರಂಗದ ದೀಪದಡಿ ವಾದ್ಯಮೇಳದೊಡನೆ ಹಾಡಿದಾಗ, ರಸಕ್ಕೆ ಸ್ಥಾಯಿಯು ದೊರಕದೆ ಬರಿಯ ಉದ್ಗಾರವಾಗಿ ನಿಂತುಬಿಡುವ ಭಯವುಂಟು. ಹೇಳಬೇಕಾದದ್ದನ್ನು ವಾಚ್ಯಮಾಡಿಬಿಟ್ಟರೆ ಧ್ವನಿಗೆ ಎಡೆಯೆಲ್ಲಿ?

ಹಾಗಾದರೆ ಸಂಗೀತಕಾರನು ಎಲ್ಲಿ ತನ್ನ ಬಲವನ್ನು ಇಡಬೇಕು? ಉತ್ತರವು ಖಾನಿಯಲ್ಲಿಯೇ ಇರುವುದೆಂದು ನನ್ನ ಅಭಿಪ್ರಾಯ. ಬೆಕೊ ಸತ್ತುಬಿದ್ದಾಗ ಜನರೆಲ್ಲ ಅವನನ್ನು ದ್ವೇಷಿಸುತ್ತಿರುವರು. ಆಗ ಝೀನಳೊಬ್ಬಳು ಮುಂದೆ ಬಂದು, ಅವನನ್ನು ಹೀನವಾಗಿ ಕಾಣಬಾರದೆಂದು ಅಣ್ಣನಿಗೆ ಹೇಳುವಳು: ಗುಲಾಬಿಗೆ ಮುಳ್ಳಿದ್ದಂತೆ, ನಿಧಿಗೆ ಕಾವಲಿದ್ದಂತೆ, ಅವನಿದ್ದುದರಿಂದಲೇ ತಮ್ಮ ಪ್ರೇಮವು ಪರಿಶುದ್ಧವಾಗಿ ಉಳಿಯಿತು, ಅವನನ್ನು ತಮ್ಮ ಕಾಲದೆಸೆಯಲ್ಲಿಯೇ ಹೂಳಬೇಕು ಎಂದು. ಕ್ಷಮೆಯನ್ನು ಹೆಣ್ಣಿನಿಂದಲೇ ಕೇಳುವುದು ಲೋಕದ ಹಳೆಯ ಚಾಳಿ, ಇದರಲ್ಲಿ ಸ್ವಾತಂತ್ರ್ಯವೇನು ಬಂತೆಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡೆನು. ಆದರೆ ಗಮನಿಸಿರಿ: ಇಲ್ಲಿ ಅವಳನ್ನು ಕ್ಷಮಿಸೆಂದು ಯಾರೂ ಕೇಳಲಿಲ್ಲ. ಅರಸನು ಪರರ ಮಾತು ಕೇಳಿ ತೀರ್ಪು ಕೊಟ್ಟವನು. ತಾಜದೀನನು ಕೋಪದಿಂದ ತೀರ್ಪು ಕೊಟ್ಟವನು. ಎಲ್ಲವನ್ನೂ ನೋಡಿ, ಯಾರ ಅಪ್ಪಣೆಯನ್ನೂ ಬೇಡದೆ, ಇಡೀ ಸಭೆಯ ತೀರ್ಪಿಗೆ ವಿರುದ್ಧವಾಗಿ ತೀರ್ಪು ಕೊಟ್ಟವಳು ಅವಳೊಬ್ಬಳೇ. ತನ್ನ ಮದುವೆಯ ವಿಷಯದಲ್ಲಿ ಬಾಯಿಲ್ಲದವಳಾಗಿದ್ದ ಹೆಣ್ಣು ಇಲ್ಲಿ ನ್ಯಾಯಾಧಿಪತಿಯಾಗಿ ಮಾತಾಡುತ್ತಾಳೆ, ಅರಸನು ಕೇಳುತ್ತಾನೆ. ಇದು ವಿಲಾಪವಲ್ಲ, ನಿರ್ಣಯ. ಗೇಯನಾಟಕದ ಶಿಖರವು ಅವಳ ಮರಣದಲ್ಲಿರದೆ ಈ ನಿರ್ಣಯದಲ್ಲಿ ಇರಬೇಕು. ಅನಂತರ ಅವಳು ಸತ್ತರೂ, ಕೇಳಿದವನ ಕಿವಿಯಲ್ಲಿ ಉಳಿಯುವುದು ಅಳುವಲ್ಲ. ಅಷ್ಟೇ ಅಲ್ಲ, ಬೆಕೊನನ್ನು ಹೀಗೆ ಮನ್ನಿಸಿದವಳು ಅರಸನನ್ನು ಕುರಿತು ಏನು ಹೇಳುವಳೆಂಬ ಪ್ರಶ್ನೆಯನ್ನು ಖಾನಿಯು ಎತ್ತದೆ ಬಿಟ್ಟನು. ಅದನ್ನು ಎತ್ತುವುದು ಇಂದಿನ ಕವಿಯ ಕರ್ತವ್ಯ.

ಈ ವಿಚಾರವು ಕೇವಲ ರಂಗಕ್ಕೆ ಸೇರಿದ್ದಲ್ಲವೆಂಬುದಕ್ಕೆ ಕುರ್ದಿಷ್ ಗಾಯಕಿಯರ ಜೀವಿತವೇ ಸಾಕ್ಷಿ. 1904ರಲ್ಲಿ ಹುಟ್ಟಿ 1949ರಲ್ಲಿ ತೀರಿಕೊಂಡ ಮೆರ್ಯಮ್ ಖಾನ್ ಎಂಬಾಕೆ, ಮದುವೆಯಾದ ಮನೆಯಲ್ಲಿ ಹಾಡನ್ನು ಬಿಡಬೇಕೆಂದಾಗ ಆ ಮನೆಯನ್ನೇ ಬಿಟ್ಟಳೆಂದು ಆಕೆಯ ಚರಿತ್ರೆಯನ್ನು ಹೇಳುವವರು ಹೇಳುತ್ತಾರೆ; ಬಾಗ್ದಾದ್ ಆಕಾಶವಾಣಿಯ ಕುರ್ದಿಷ್ ವಿಭಾಗದಿಂದ ಆಕೆಯ ಧ್ವನಿಯು ನಾಡೆಲ್ಲ ಹರಡಿತು. 1938ರಲ್ಲಿ ದಿಯಾರ್‌ಬಕಿರಿನಲ್ಲಿ ಹುಟ್ಟಿದ ಆಯ್ಶೆ ಶಾನ್‌ಳ ತಂದೆಯೇ ದೆಂಗ್‌ಬೇಜ್. ತಂದೆಗೆ ಭೂಷಣವಾದ ಹಾಡು ಮಗಳಿಗೆ ಕಳಂಕವಾಯಿತು. ಬಂಧುಗಳು ಆಕೆಯನ್ನು ದೂರಮಾಡಿದರು. ತಾಯಿಯ ಕೊನೆಗಾಲದಲ್ಲಿಯೂ ಆಕೆಗೆ ಆ ಮನೆಯ ಬಾಗಿಲು ತೆರೆಯಲಿಲ್ಲ. ಆ ದುಃಖವನ್ನೇ ಆಕೆ ಹಾಡಾಗಿ ಮಾಡಿದಳು. 1996ರಲ್ಲಿ ಇಝ್ಮಿರ್ ನಗರದಲ್ಲಿ ತೀರಿಕೊಂಡಳು. ಇರಾನಿನಲ್ಲಿಯಾದರೋ 1979ರ ಕ್ರಾಂತಿಯ ತರುವಾಯ ಗಂಡಸರಿರುವ ಸಭೆಯಲ್ಲಿ ಹೆಣ್ಣು ಒಬ್ಬಳೇ ಹಾಡುವುದೇ ನಿಷಿದ್ಧ.

ಆಯ್ಶೆ ಶಾನ್‌ಳ ಈ ಕಥೆಯನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಹೇಳಿಬಿಡುವುದು ಮೇಲು. ನನಗೊಬ್ಬ ತಂಗಿಯುಂಟು. ಬಾಲ್ಯದಲ್ಲಿ ಒಳ್ಳೆಯ ಶಾರೀರ. ನಾನು ಆಗತಾನೆ ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಊರ ಗಣೇಶೋತ್ಸವದ ವೇದಿಕೆಯಲ್ಲಿ ಅವಳು ಹಾಡಬೇಕೆಂದು ಅವಳ ಸಂಗೀತದ ಮೇಷ್ಟ್ರು ಬಂದು ಕೇಳಿದರು. ಮನೆಯ ಹಿರಿಯರೊಬ್ಬರು, ಅರಿಸಿನ ಕುಂಕುಮಕ್ಕೆ ಹಾಡಿದರೆ ಸಾಲದೆ, ಬೀದಿಯಲ್ಲಿ ಹಾಡಬೇಕೆ ಎಂದರು. ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿದ್ದಿತು. ಆ ವಾರವೇ ತರಗತಿಯಲ್ಲಿ ದ್ರೌಪದಿಯ ಪ್ರಶ್ನೆಯನ್ನು ಕುರಿತು ದೀರ್ಘವಾಗಿ ವ್ಯಾಖ್ಯಾನ ಮಾಡಿದ್ದ ನಾನು, ಭೀಷ್ಮನಂತೆ ಸುಮ್ಮನಿದ್ದೆನು. ಅವಳು ಅಳಲಿಲ್ಲ, ಕೇಳಲೂ ಇಲ್ಲ. ತಂಬೂರಿಗೆ ಗವುಸು ಹಾಕಿ ಅಟ್ಟದ ಮೇಲಿಟ್ಟಳು. ಇಂದಿಗೂ ಅಡಿಗೆಮನೆಯಲ್ಲಿ ಗುನುಗುತ್ತಿರುವವಳು ಹೆಜ್ಜೆಯ ಸಪ್ಪಳ ಕೇಳಿದರೆ ನಿಲ್ಲಿಸಿಬಿಡುವಳು. ಕುರ್ದರ ಅರಸನನ್ನು ಟೀಕಿಸುವ ಅಧಿಕಾರವು ನನಗೆಷ್ಟಿದೆಯೆಂಬುದನ್ನು ಓದುಗರು ಇದರಿಂದ ನಿರ್ಧರಿಸಬಹುದು.

ಕಡೆಯದಾಗಿ ಒಂದು ಪದವಿಚಾರ. 2022ರ ಸೆಪ್ಟೆಂಬರ್ 16ರಂದು, ಉಡುಪಿನ ನಿಯಮವನ್ನು ಮೀರಿದಳೆಂದು ಟೆಹರಾನಿನಲ್ಲಿ ಪೊಲೀಸರು ಹಿಡಿದಿದ್ದ 22 ವರ್ಷದ ಕುರ್ದಿಷ್ ಯುವತಿಯೊಬ್ಬಳು ಮರಣಹೊಂದಿದಳು. ಸರ್ಕಾರದ ಕಾಗದಗಳಲ್ಲಿ ಅವಳ ಹೆಸರು ಮಹ್ಸಾ. ಮನೆಯವರು ಕರೆಯುತ್ತಿದ್ದ ಕುರ್ದಿಷ್ ಹೆಸರು ಜೀನಾ. ಸಕ್ಕೆಜ್ ಎಂಬ ಅವಳ ಊರಿನಲ್ಲಿ ಮಣ್ಣುಮಾಡಿದ ದಿನ ಹೆಂಗಸರು ಕೂಗಿದ ‘ಜಿನ್, ಜಿಯಾನ್, ಆಜಾದಿ’ ಎಂಬ ಮೂರು ಪದಗಳು ಅದಕ್ಕೆ ಮೊದಲೇ ಕುರ್ದಿಷ್ ಸ್ತ್ರೀಯರ ಚಳುವಳಿಯಲ್ಲಿ ಹುಟ್ಟಿದ್ದುವು. ಅಲ್ಲಿಂದ ಲೋಕವೆಲ್ಲ ಹರಡಿದುವು. ಹೆಣ್ಣು, ಬಾಳು, ಸ್ವಾತಂತ್ರ್ಯ ಎಂದು ಅರ್ಥ. ಸಂಸ್ಕೃತ ಬಲ್ಲವರ ಕಿವಿಗೆ ಈ ಪದಗಳು ಅಪರಿಚಿತವಲ್ಲ. ‘ಜಿನ್’ ಎಂಬುದು ವೇದದಲ್ಲಿ ಸ್ತ್ರೀ ಎಂಬ ಅರ್ಥದಲ್ಲಿ ಬರುವ ‘ಜನಿ’ಯ ಒಡಹುಟ್ಟು, ‘ಜಿಯಾನ್’ ನಮ್ಮ ‘ಜೀವನ’ದ ಒಡಹುಟ್ಟು. ‘ಆಜಾದ್’ ಎಂಬುದು ಹಳೆಯ ಇರಾನೀ ಭಾಷೆಯಲ್ಲಿ ‘ಆ’ ಎಂಬ ಉಪಸರ್ಗಕ್ಕೆ ನಮ್ಮ ‘ಜಾತ’ಕ್ಕೆ ಸಮಾನವಾದ ಪದವು ಸೇರಿ ಆದದ್ದು; ಕುಲದೊಳಗೆ, ಮನೆಯೊಳಗೆ ಹುಟ್ಟಿದವನು ಎಂಬುದು ಅದರ ಮೂಲಾರ್ಥ. ಹೊರಗಿನಿಂದ ತಂದ ದಾಸನಲ್ಲ, ಈ ಮನೆಯವನೇ, ಆದುದರಿಂದ ಸ್ವತಂತ್ರನು. ಸ್ವಾತಂತ್ರ್ಯವನ್ನು ಪರದೇಶದ ಸರಕೆನ್ನುವವರು ಈ ನಿರುಕ್ತವನ್ನು ಮನನ ಮಾಡಬೇಕು. ಹೆಣ್ಣು ಕೇಳುತ್ತಿರುವುದು ಮನೆಯಿಂದ ಹೊರಗೆ ಹೋಗುವುದನ್ನಲ್ಲ. ತಾನೂ ಈ ಮನೆಯಲ್ಲಿಯೇ ಹುಟ್ಟಿದವಳೆಂಬ ಒಪ್ಪಿಗೆಯನ್ನು.

ಮೊನ್ನೆ ತಂಗಿಯು ನಮ್ಮ ಮನೆಗೆ ಬಂದಿದ್ದಳು. ಪರ್ವಿನ್ ಚಾಕರ್‌ಳ ಆ ಹಾಡನ್ನೇ ಮಗಳು ಅವಳಿಗೂ ಕೇಳಿಸಿದಳು. ಒಂದು ಅಕ್ಷರವೂ ಅರ್ಥವಾಗದಿದ್ದರೂ ಅವಳು ಕೊನೆಯವರೆಗೂ ತಾಳ ಹಾಕುತ್ತ ಕೇಳಿ, “ಇವಳ ಮನೆಯವರು ಏನೂ ಅನ್ನಲಿಲ್ಲವೇನೋ, ಅಣ್ಣ?” ಎಂದಳು. ನಲವತ್ತು ವರ್ಷಗಳ ತರುವಾಯ ಅವಳು ನನ್ನನ್ನು ಕೇಳಿದ ಮೊದಲನೆಯ ಪ್ರಶ್ನೆ ಅದು. ಅನ್ನುವವರು ಎಲ್ಲ ಊರಿನಲ್ಲಿಯೂ ಇರುವರಮ್ಮ, ಅಂದಾಗ ಸುಮ್ಮನಿದ್ದ ಅಣ್ಣಂದಿರೂ ಇರುವರು, ಎಂದೆನು. ಅವಳು ಏನೂ ಹೇಳಲಿಲ್ಲ. ಹಾಡನ್ನು ಮತ್ತೊಮ್ಮೆ ಹಾಕೆಂದು ಮಗಳಿಗೆ ಹೇಳಿದಳು.